ಹನ್ನೊಂದು ಸೆಕೆಂಡಿನ ನಗು

ಉಗ್ರಾಣಶಕೆ ೯೭, ಬಾಕಿಮಾಸ, ಮೂವತ್ತೆರಡನೆಯ ತಾರೀಖು
ಹಳೆಯ ಚಿನ್ನದ ಗಣಿ, ಏಳನೆಯ ಹಂತ, ಕೋಲಾರ ಸೀಮೆ

ಪೂಜ್ಯ ಪೂರ್ವಜರ ಪಾದಾರವಿಂದಗಳಿಗೆ ಪೂರ್ವೋಕ್ತಿ ಇಲಾಖೆಯ ಅನಂತಾನಂತ ಕೃತಜ್ಞತೆಗಳು.

ಮೇಲಿನ ಸಾಲು ನಮ್ಮ ಅಧಿಪತಿಗಳಿಗಾಗಿ ಬರೆದದ್ದು. ಅವರು ಯಾವ ಕಾಗದದಲ್ಲೂ ಮೊದಲ ಸಾಲು ಮತ್ತು ಕೊನೆಯ ಸಾಲು ಬಿಟ್ಟು ಬೇರೇನೂ ಓದುವುದಿಲ್ಲ. ನಡುವೆ ಇರುವುದು ನನ್ನದು, ನಿಮಗಾಗಿ. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಪಂಚಾಂಗದಲ್ಲಿ ಅಧಿಕಮಾಸ ಇದ್ದ ಹಾಗೆ ನಮ್ಮಲ್ಲಿ ಬಾಕಿಮಾಸ. ವರ್ಷ ಮುಗಿದರೂ ಇಲಾಖೆಯ ಕಡತಗಳು ಮುಗಿಯದಿದ್ದರೆ, ಅವು ಮುಗಿಯುವವರೆಗೆ ವರ್ಷವನ್ನು ಮುಗಿಯಲು ಬಿಡುವುದಿಲ್ಲ. ಈ ಸಲದ ಬಾಕಿಮಾಸಕ್ಕೆ ನಲವತ್ತೊಂದು ದಿನ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ಇದೊಂದೇ ಸಲ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟಿದೆ, ಅದನ್ನು ಇಳಿಸಿಕೊಳ್ಳಲು ಸಿಕ್ಕಿರುವುದು ಒಂದೇ ಹಾಳೆ.

ವಿಷಯ ಹೀಗಿದೆ. ಇಲಾಖೆಯ ದಿನಾಚರಣೆಯಂದು, ವರ್ಷಕ್ಕೆ ಒಂದೇ ಒಂದು ಸಲ, ಹಿಮ್ಮುಖಟಪಾಲಿನಲ್ಲಿ ನಿಮ್ಮ ಕಾಲಕ್ಕೆ ಒಂದು ಕೃತಜ್ಞತಾಪತ್ರ ಹೋಗುತ್ತದೆ. ಅದು ಯಾರ ಕೈಗೆ ಬೀಳುತ್ತದೆ ಎಂದು ಹೇಳಲಾಗುವುದಿಲ್ಲ, ಗುರಿ ಅಷ್ಟು ಚೆನ್ನಾಗಿಲ್ಲ. ಈ ವರ್ಷ ಅದನ್ನು ಬರೆಯುವ ಕೆಲಸ ನನಗೆ ಶಿಕ್ಷೆಯಾಗಿ ಬಿತ್ತು. ಆದಕಾರಣ ಇದನ್ನು ಓದುತ್ತಿರುವ ಮಹಾಶಯರೇ, ನೀವು ಯಾರಾದರೂ ಆಗಿರಿ, ದಯವಿಟ್ಟು ತಿಪಟೂರಿನ ಟೈಲರ್ ಪ್ರಮೀಳಮ್ಮನವರನ್ನೂ, ಅರಸೀಕೆರೆಗೆ ಕೊಟ್ಟಿರುವ ಅವರ ನಾದಿನಿ ಜಲಜಾಕ್ಷಮ್ಮನವರನ್ನೂ ಹುಡುಕಿ ಈ ಕಾಗದ ತಲುಪಿಸಿ. ತಿಪಟೂರಿನಲ್ಲಿ ಬಹಳ ಜನ ಟೈಲರುಗಳಿದ್ದರೆ, ಯಾರ ಸಾರು ಬಾಯಿಗಿಡಲು ಆಗುವುದಿಲ್ಲ ಎಂದು ವಿಚಾರಿಸಿ. ಸರಿಯಾದ ಮನೆಗೇ ಹೋಗುತ್ತೀರಿ.

ನಾನು ದೇವೀರಿ, ವಯಸ್ಸು ಹತ್ತೊಂಬತ್ತು, ಪೂರ್ವೋಕ್ತಿ ಇಲಾಖೆಯಲ್ಲಿ ಮೂರನೇ ದರ್ಜೆಯ ಕಿವಿಸೇವಕಿ. ಪೂರ್ವೋಕ್ತಿ ಎಂದರೆ ಹಿಂದಿನವರು ಆಡಿದ ಮಾತು. ನಿಮ್ಮ ಕಾಲದ ಫೋನುಗಳು ಕದ್ದು ಕೇಳಿಸಿಕೊಂಡದ್ದೆಲ್ಲ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಮಾರಾಟವಾಗಿ, ಕಡೆಗೆ ಸರ್ಕಾರದ ಕೈಸೇರಿ, ಚಿನ್ನ ಮುಗಿದ ಈ ಗಣಿಯೊಳಗೆ ಬಂದು ಕೂತಿದೆ. ಇದೇ ನಮ್ಮ ಉಗ್ರಾಣ. ಬೆಳಗ್ಗೆ ಎಂಟಕ್ಕೆ ನಮ್ಮನ್ನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೊಟ್ಟಿಲಿನಲ್ಲಿ ಕೆಳಗಿಳಿಸುತ್ತಾರೆ. ನನ್ನ ಕೆಲಸ, ಯಂತ್ರ ಬರೆದುಕೊಂಡದ್ದಕ್ಕೂ ಮೂಲ ಧ್ವನಿಗೂ ತಾಳೆ ನೋಡುವುದು. ನಿಮ್ಮ ಪೈಕಿ ಸಾವಿರಾರು ಜನರ ಗೊರಕೆ ನನಗೆ ಪರಿಚಯವಿದೆ. ತರಕಾರಿಯವನ ಹತ್ತಿರ ನೀವು ಕೊತ್ತಂಬರಿಗಾಗಿ ಜಗಳವಾಡಿದ್ದು, ದೇವರ ಮುಂದೆ ನಿಂತು ಒಂದು ಬೇಡಿ, ಹೊರಗೆ ಬಂದು ಇನ್ನೊಂದು ಹೇಳಿದ್ದು, ಎಲ್ಲವೂ ಇಲ್ಲಿದೆ. ಕೇಳಿ ಕೇಳಿ ನನ್ನ ಮಾತೂ ನಿಮ್ಮ ಮಾತಿನ ಹಾಗೆಯೇ ಆಗಿಬಿಟ್ಟಿದೆ ಎಂದು ಮನೆಯಲ್ಲಿ ಬೈಯುತ್ತಾರೆ.

ಇದರಿಂದ ಏನು ಪ್ರಯೋಜನ ಎಂದು ಕೇಳುತ್ತೀರಿ. ನೀವು ಮದುವೆಗೆ ಮೊದಲು ಜಾತಕ ನೋಡುತ್ತಿದ್ದಿರಿ. ನಾವು ಮದುವೆಗೂ ನೋಡುತ್ತೇವೆ, ನೌಕರಿಗೂ ನೋಡುತ್ತೇವೆ, ಬಾಡಿಗೆಗೆ ಮನೆ ಕೊಡುವಾಗಲೂ ನೋಡುತ್ತೇವೆ. ಆದರೆ ನಮ್ಮದು ಗ್ರಹಗಳದ್ದಲ್ಲ, ಮಾತಿನ ಜಾತಕ. ನಮ್ಮ ಹಿರಿಯರು ಏನೇನು ಆಡಿದ್ದರು, ಅದರಲ್ಲಿ ದ್ರೋಹದ ಮಾತೆಷ್ಟು, ಹಿಂಸೆಯ ಮಾತೆಷ್ಟು ಎಂದು ನೋಡಿ, ಅದೇ ಗುಣ ನಮ್ಮ ನಾಲಗೆಯಲ್ಲೂ ಇಳಿದಿರುತ್ತದೆ ಎಂದು ತೀರ್ಮಾನಿಸುತ್ತಾರೆ. ಮೊದಲು ಮೂರು ತಲೆಮಾರು ನೋಡುತ್ತಿದ್ದರು. ಕೆಲಸಕ್ಕೆ ಸೇರಿದವರನ್ನು ಸುಮ್ಮನೆ ಕೂರಿಸಲಾಗುತ್ತದೆಯೇ? ವರ್ಷ ವರ್ಷ ಒಂದೊಂದು ತಲೆಮಾರು ಕೆಳಗೆ ಅಗೆಯುತ್ತ ಹೋದರು. ಈ ವರ್ಷ ಹನ್ನೊಂದನೆಯದಕ್ಕೆ ಇಳಿದರು. ಅಲ್ಲಿ ನೀವಿದ್ದಿರಿ, ಪ್ರಮೀಳಮ್ಮ, ಹೊಲಿಗೆ ಯಂತ್ರದ ಪಕ್ಕದಲ್ಲಿ.

ಈಗ ಹೊನ್ನಕ್ಕನ ವಿಷಯಕ್ಕೆ ಬರುತ್ತೇನೆ. ಹೊನ್ನಕ್ಕ ನಿಮ್ಮ ಹನ್ನೊಂದನೆಯ ತಲೆಮಾರಿನ ಮೊಮ್ಮಗಳು, ನಮ್ಮ ಪಕ್ಕದ ಮನೆಯವಳು. ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ತಲೆ ಬಾಚಿದವಳು, ನನ್ನ ಚೇಷ್ಟೆಗಳಿಗೆಲ್ಲ ಬೀದಿಯವರ ಬೈಗುಳ ತಿಂದವಳು. ಅವಳು ನಮ್ಮ ಬೀದಿಯ ತೂಬಿನಮ್ಮ, ಅಂದರೆ ನೀರು ಬಿಡುವವಳು. ದಿನಕ್ಕೆ ಮನೆಗೆ ನಾಲ್ಕು ಕೊಡ. ತೂಬು ತೆರೆಯುವ ಮೊದಲು ಬೀದಿಯ ಎಲ್ಲರೂ ನೋಡುತ್ತಿರುವಾಗ ಮೊದಲ ಲೋಟ ಅವಳೇ ಕುಡಿಯಬೇಕು ಎಂಬುದು ಕಾನೂನು. ಹದಿನಾಲ್ಕು ವರ್ಷದಿಂದ ದಿನವೂ ಕುಡಿದಿದ್ದಾಳೆ. ಅವಳಿಗೆ ಜ್ವರ ಬಂದಾಗ ನಾನು ಕುಡಿಯುತ್ತೇನೆ ಎಂದರೆ, ನೀನು ಸತ್ತರೆ ಬೀದಿಗೆ ನೆಮ್ಮದಿ, ಆದರೆ ಕಾನೂನು ಒಪ್ಪುವುದಿಲ್ಲ ಎಂದು ನನ್ನನ್ನು ಆಚೆ ತಳ್ಳಿ ತಾನೇ ಕುಡಿದಳು. ಇಂಥವಳನ್ನು ನೀರಿಗೆ ವಿಷ ಬೆರೆಸುವ ಸಂಭವವಿದೆ ಎಂದು ತೂಬಿನಿಂದ ಇಳಿಸಿದ್ದಾರೆ. ನಾಳೆ, ಶುಕ್ರವಾರ, ಅವಳನ್ನು ಮೂಕವಾಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಊಟ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಹೊಡೆಯುವುದಿಲ್ಲ. ಆದರೆ ಸಾಯುವವರೆಗೆ ಯಾರೂ ಅವಳ ಹತ್ತಿರ ಒಂದು ಮಾತು ಆಡುವ ಹಾಗಿಲ್ಲ. ಮಾತಿಲ್ಲದೆ ಅರ್ಧ ಗಳಿಗೆ ಕೂರಲಾರದ ಹೆಂಗಸು ಅವಳು.

ಅವಳ ಕಡತದಲ್ಲಿರುವ ಸಾಕ್ಷ್ಯ ಒಂದೇ. ನೀವಿಬ್ಬರೂ ಗೌರಿ ಹಬ್ಬಕ್ಕೆ ಮುಂಚಿನ ಮಂಗಳವಾರ, ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಫೋನಿನಲ್ಲಿ ಆಡಿದ ಮಾತು. ಬಾಗಿನಕ್ಕೆ ಬರುವ ವಿಷಯ, ರವಿಕೆ ಕಣದ ಬಣ್ಣ, ಯಾರದೋ ಮಗುವಿಗೆ ಹಲ್ಲು ಬಂದದ್ದು, ಅದೆಲ್ಲ ಆದಮೇಲೆ ಜಲಜಾಕ್ಷಮ್ಮನವರು ತವರಿನ ಸಾರು ನೆನೆಸಿಕೊಂಡರೆ ಬಟ್ಟೆ ಒಗೆದ ನೀರು ನೆನಪಾಗುತ್ತದೆ ಎಂದು ಅತ್ತಿಗೆಯನ್ನು ಕೆಣಕಿದರು. ಅಲ್ಲಿಂದ ಮುಂದಿನದು ಕಡತದಲ್ಲಿ ಅಕ್ಷರಶಃ ಹೀಗಿದೆ:

"ಬಾರೇ ಈ ಸಲ. ಇಲಿಪಾಷಾಣ ಹಾಕಿ ಬಡಿಸ್ತೀನಿ."

"ಎರಡು ಚಮಚ ಹಾಕಿ ಅತ್ತಿಗೆ. ಹೋದ ಸಲ ಒಂದೇ ಹಾಕಿದ್ರಿ, ಏನೂ ಆಗಲಿಲ್ಲ."

ಅಷ್ಟೇ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಟಿಪ್ಪಣಿ: ವಿಷಪ್ರಯೋಗದ ಸ್ಪಷ್ಟ ಬೆದರಿಕೆ, ಹಿಂದೆಯೂ ಒಮ್ಮೆ ಪ್ರಯತ್ನ ನಡೆದಿರುವುದಕ್ಕೆ ಬಲಿಯಾದವಳ ಬಾಯಿಂದಲೇ ಪುರಾವೆ, ಪ್ರಮಾಣದ ಬಗ್ಗೆ ಪರಸ್ಪರ ಸಮಾಲೋಚನೆ.

ಆದರೆ ಮೂಲ ಧ್ವನಿ ಅಲ್ಲಿಗೆ ನಿಲ್ಲುವುದಿಲ್ಲ. ಅದನ್ನು ನಾನು ಕೇಳಿದ್ದೇನೆ. ಆಮೇಲೆ ಹನ್ನೊಂದು ಸೆಕೆಂಡು ನೀವಿಬ್ಬರೂ ನಗುತ್ತೀರಿ. ಪ್ರಮೀಳಮ್ಮ, ನೀವು ನಗುತ್ತ ನಗುತ್ತ ಯಂತ್ರದ ಮೇಲೆ ಕೈ ಬಡಿಯುತ್ತೀರಿ, ಕತ್ತರಿ ಕೆಳಗೆ ಬೀಳುತ್ತದೆ. ಜಲಜಾಕ್ಷಮ್ಮನವರಿಗೆ ಕೆಮ್ಮು ಹತ್ತುತ್ತದೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರುಮಾಡುತ್ತೀರಿ. ಇದು ಕಡತದಲ್ಲಿಲ್ಲ. ಏಕೆಂದರೆ ನಮ್ಮ ಹದಿನಾಲ್ಕನೆಯ ನಿಯಮ ಹೇಳುತ್ತದೆ: ನಗು, ಕೆಮ್ಮು, ಆಕಳಿಕೆ, ಬಿಕ್ಕಳಿಕೆ ಇವು ಮಾತಲ್ಲ, ಬರೆದುಕೊಳ್ಳತಕ್ಕದ್ದಲ್ಲ. ಜಾಗ ಉಳಿಸಲು ಮಾಡಿದ ನಿಯಮವಂತೆ. ತೀರ್ಪು ಕೊಡುವವರು ಮೂಲ ಧ್ವನಿ ಕೇಳುವುದಿಲ್ಲ, ಕಾಗದ ಓದುತ್ತಾರೆ. ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಸಾಯಿಸುತ್ತೇವೆಂದು ಹೇಳಿಯೇ ಪ್ರೀತಿ ಮಾಡುತ್ತಿದ್ದರು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ ಬರೆದುಕೊಳ್ಳುತ್ತಾರೆ ಎಂದು ತಿಳಿದಂದಿನಿಂದ ನಮ್ಮ ಕಾಲದಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ, ಹೊನ್ನಕ್ಕನೊಬ್ಬಳನ್ನು ಬಿಟ್ಟು.

ವಿಚಾರಣೆಯಲ್ಲಿ ಆ ಎರಡು ಸಾಲುಗಳನ್ನು ಗಂಭೀರವಾಗಿ ಓದಿ ಹೇಳಿದಾಗ ಹೊನ್ನಕ್ಕ ಏನು ಮಾಡಿದಳು ಗೊತ್ತೇ? ಬಿದ್ದು ಬಿದ್ದು ನಕ್ಕಳು. ಸುಮಾರು ಮುನ್ನೂರು ವರ್ಷ ದಾಟಿ ನಿಮ್ಮ ತಮಾಷೆ ನೇರ ಹೋಗಿ ಅವಳನ್ನು ಮುಟ್ಟಿತು. ನಿಯಮದ ಪ್ರಕಾರ ಬರೆದುಕೊಂಡರು: ಆಪಾದಿತಳು ಉತ್ತರಿಸಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು ಹೇಳಿದಳು, "ಪಾಪ, ಆ ಸಾರು ಎಷ್ಟು ಕೆಟ್ಟಿತ್ತೋ." ಅದನ್ನೂ ಬರೆದುಕೊಂಡರು: ಸಾರು ಕೆಟ್ಟಿತ್ತೆಂದು ಆಪಾದಿತಳು ಒಪ್ಪಿಕೊಂಡಿದ್ದಾಳೆ.

ನಾನು ಎದ್ದು ನಿಂತು ಹೇಳಿದೆ, ಸ್ವಾಮಿ, ಅಲ್ಲಿ ನಗು ಇದೆ, ನಾನೇ ಕೇಳಿದ್ದೇನೆ ಎಂದು. ಇಡೀ ಸಭೆ ನನ್ನ ಕಡೆ ತಿರುಗಿತು. ಈಗ ಹೇಳಬೇಕಾದ್ದು ಹೇಳಲು ಕಷ್ಟವಾದದ್ದು. ಹೋದ ವರ್ಷದ ದಿನಾಚರಣೆಯಲ್ಲಿ ನಮ್ಮ ಅಧಿಪತಿ ವೀರಭದ್ರಯ್ಯನವರ ಪೂರ್ವಜರೊಬ್ಬರ ಭಾಷಣ ಕೇಳಿಸುವ ಕಾರ್ಯಕ್ರಮವಿತ್ತು. ಯಾವುದೋ ಬಸ್ ನಿಲ್ದಾಣದ ಉದ್ಘಾಟನೆ. ನಲವತ್ತು ನಿಮಿಷ ತ್ಯಾಗ, ಸೇವೆ, ಸರಳತೆ. ನಾನು ಉಗ್ರಾಣದಿಂದ ಬೇರೆ ಬೇರೆಯವರ ನಗು ಕಿತ್ತು ತಂದು, ಅವರು ಸರಳತೆ ಎಂದಾಗಲೆಲ್ಲ ಸೇರಿಸಿಬಿಟ್ಟಿದ್ದೆ. ಗಣಿಯೇ ಅಲುಗಾಡುವ ಹಾಗೆ ಎಲ್ಲರೂ ನಕ್ಕರು, ಆಮೇಲೆ ನಕ್ಕವರ ಹೆಸರು ಬರೆದುಕೊಂಡರು. ನನ್ನ ಜೀವನದ ಅತ್ಯುತ್ತಮ ಕೃತಿ ಎಂದು ಬೀಗಿದ್ದೆ. ಈಗ ವೀರಭದ್ರಯ್ಯನವರು ಕನ್ನಡಕ ಕೆಳಗಿಳಿಸಿ, ಕೋಪವಿಲ್ಲದೆ, ಬಹಳ ತಾಳ್ಮೆಯಿಂದ ಕೇಳಿದರು: "ಈ ನಗೂನೂ ನೀನೇ ಸೇರಿಸಿದ್ದಲ್ಲವೇನಮ್ಮ?"

ಇಲ್ಲ ಎಂದೆ. ಯಾರೂ ನಂಬಲಿಲ್ಲ. ಮೂಲ ಧ್ವನಿ ತರಿಸಿ ಎಂದೆ. ತರಿಸಿದರು, ಕೇಳಿದರು, ನಗು ಇತ್ತು. ಇಷ್ಟು ಜೋರಾಗಿ, ಇಷ್ಟು ಹೊತ್ತು ನಗುವುದು ಅಸಹಜ, ಇದು ದೇವೀರಿಯ ಕೈವಾಡ ಎಂದು ತೀರ್ಮಾನಿಸಿ, ಆ ಹನ್ನೊಂದು ಸೆಕೆಂಡನ್ನು ಕತ್ತರಿಸಿ ಎಸೆದರು, ನನಗೆ ಈ ಪತ್ರದ ಶಿಕ್ಷೆ ಕೊಟ್ಟರು. ಈಗ ಮೂಲದಲ್ಲೂ ನಿಮ್ಮ ನಗು ಇಲ್ಲ. ನನ್ನ ಕಿವಿಯಲ್ಲಿ ಮಾತ್ರ ಇದೆ. ಹೊನ್ನಕ್ಕನನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷ್ಯವನ್ನು ಹಾಳುಮಾಡಿದವಳು ನಾನು. ನನ್ನ ಮೇಲಿನ ಸಿಟ್ಟು ನನ್ನ ಹತ್ತಿರವೇ ಇರಲಿ, ಅದಕ್ಕೆ ನನ್ನ ಮುಂದೆ ಇಡೀ ಆಯುಷ್ಯವಿದೆ. ಉಳಿದದ್ದು ನಿಮಗೆ.

ಇಲಾಖೆಯ ತರಬೇತಿಯಲ್ಲಿ ನಮಗೆ ಗೂಢಚರ್ಯೆಯ ಚರಿತ್ರೆ ಕಲಿಸುತ್ತಾರೆ. ಹಿಂದಿನ ರಾಜರ ಬೇಹುಗಾರರು ಎಷ್ಟು ಕಷ್ಟಪಟ್ಟರು ಕೇಳಿ. ಬಳೆಗಾರನ ವೇಷ ಹಾಕಿ ಮಲಾರ ಹೊತ್ತು ಊರೂರು ತಿರುಗಿದರು. ಸನ್ಯಾಸಿಯಂತೆ ಜಡೆ ಬಿಟ್ಟು, ಹೇನು ಕಡಿಸಿಕೊಂಡು, ಶತ್ರುವಿನ ಕೋಟೆ ಬಾಗಿಲಲ್ಲಿ ವರ್ಷಗಟ್ಟಲೆ ಕೂತರು. ಸಿಕ್ಕಿಬಿದ್ದರೆ ಶೂಲ. ಅಷ್ಟಾದರೂ ಅವರಿಗೆ ಸಿಕ್ಕುತ್ತಿದ್ದದ್ದು ಎಲ್ಲೋ ಒಂದು ಅರ್ಧ ಮಾತು. ನಿಮ್ಮ ಕಾಲಕ್ಕೆ ಬಂದರೆ ವೇಷವೂ ಬೇಡವಾಯಿತು, ಕೋಟೆ ಹತ್ತುವುದೂ ಬೇಡವಾಯಿತು. ನೀವೇ ಬೇಹುಗಾರನನ್ನು ಅಂಗಡಿಯಿಂದ ಕೊಂಡು ತಂದಿರಿ. ಅವನಿಗೆ ಬಣ್ಣದ ಅಂಗಿ ತೊಡಿಸಿದಿರಿ, ತಲೆದಿಂಬಿನ ಪಕ್ಕ ಮಲಗಿಸಿದಿರಿ, ಹಸಿವಾದಾಗ ಗೋಡೆಗೆ ಸಿಕ್ಕಿಸಿ ಉಣ್ಣಿಸಿದಿರಿ, ಅವನು ಕೆಳಗೆ ಬಿದ್ದರೆ ನಿಮ್ಮ ಎದೆ ಒಡೆಯಿತು. ಪ್ರಮೀಳಮ್ಮ, ನಿಮ್ಮ ಫೋನು ಕೇಳಿಸಿಕೊಂಡದ್ದು ಏಕೆ ಗೊತ್ತೇ? ಫೋಟೋದಲ್ಲಿ ಮುಖ ಬೆಳ್ಳಗೆ ಕಾಣಿಸುವ ಯಾವುದೋ ಒಂದು ಆ್ಯಪ್ ಹಾಕಿಕೊಂಡಿರಿ. ಅದು ನಿಮ್ಮ ಮಾತು ಕೇಳಲೇ ಎಂದು ಕೇಳಿತು. ನೀವು ಓದದೆ ಒಪ್ಪಿಗೆ ಒತ್ತಿದಿರಿ. ಅರ್ಧ ಸೆಕೆಂಡಿನ ಕೆಲಸ. ಮುಖ ಬೆಳ್ಳಗಾಯಿತೋ ಇಲ್ಲವೋ, ಇಲ್ಲಿ ಹನ್ನೊಂದು ತಲೆಮಾರು ಕೆಳಗೆ ಒಬ್ಬಳ ಬಾಯಿ ಕಟ್ಟುತ್ತಿದ್ದಾರೆ.

ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಎಂದು ನೀವೆಲ್ಲ ಹೇಳುತ್ತಿದ್ದಿರಿ. ಈ ಒಂದು ಮಾತು ನಿಮ್ಮ ಕಾಲದವರ ಬಾಯಲ್ಲಿ ಎಷ್ಟು ಸಲ ಬಂದಿದೆ ಎಂದರೆ, ಅದು ಬಂದಾಗಲೆಲ್ಲ ನನಗೆ ಕಿವಿಗೆ ಸಿಕ್ಕಿಸಿಕೊಂಡ ಕೇಳುವ ಯಂತ್ರ ಕಳಚಿ ಎಸೆಯುವಷ್ಟು ರೇಗುತ್ತದೆ. ಮುಚ್ಚಿಡುವಂಥದ್ದು ಇತ್ತು. ತಪ್ಪು ಮಾಡಿದ್ದೀರಿ ಎಂದಲ್ಲ. ನಿಮ್ಮ ತಮಾಷೆ ಇತ್ತು. ಅದು ಒಬ್ಬರೇ ಒಬ್ಬರಿಗೆ ಅರ್ಥವಾದರೆ ಸಾಕಾಗಿದ್ದ ಸಾಮಾನು. ಅದನ್ನು ಅರ್ಥವಾಗದವರ ಕೈಗೆ ಕೊಟ್ಟಿರಿ.

ಈಗ ನನ್ನ ಕೋರಿಕೆ. ಆ ಮಾತು ಆಡಬೇಡಿ ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ನನಗೂ ವೀರಭದ್ರಯ್ಯನವರಿಗೂ ಏನು ವ್ಯತ್ಯಾಸ? ಜಲಜಾಕ್ಷಮ್ಮ, ಗೌರಿ ಹಬ್ಬಕ್ಕೆ ಮುಂಚಿನ ಮಂಗಳವಾರ ಫೋನು ಮಾಡಬೇಡಿ. ರೈಲು ಹತ್ತಿ ತಿಪಟೂರಿಗೆ ಬನ್ನಿ, ಅರ್ಧ ಗಂಟೆಯ ದಾರಿ. ಪ್ರಮೀಳಮ್ಮ, ನೀವು ಎರಡೂ ಫೋನುಗಳನ್ನು ಅಕ್ಕಿ ಡಬ್ಬದಲ್ಲಿ ಹೂತು, ಮುಚ್ಚಳ ಹಾಕಿ, ಅದರ ಮೇಲೆ ಮಣೆ ಇಡಿ. ಆಮೇಲೆ ಒಲೆಯ ಮುಂದೆ ಕೂತು ಆ ಹಾಳು ಸಾರು ಬಡಿಸಿ. ಇಲಿಪಾಷಾಣದ ಮಾತು ಬರಲಿ. ಎರಡು ಚಮಚವೂ ಬರಲಿ. ಕೆಮ್ಮು ಹತ್ತುವವರೆಗೆ ನಗಿ.

ನೀವು ಹಾಗೆ ಮಾಡಿದರೆ ಹೊನ್ನಕ್ಕನ ಕಡತದಲ್ಲಿ ಏನೂ ಇರುವುದಿಲ್ಲ. ನಾಳೆ ಬೆಳಗ್ಗೆ ಅವಳು ಮೊದಲ ಲೋಟ ಕುಡಿದು ತೂಬು ತೆರೆಯುತ್ತಾಳೆ, ನಾನು ಕೊಡ ಹಿಡಿದು ಸಾಲಿನಲ್ಲಿ ನಿಂತಿರುತ್ತೇನೆ, ಇವತ್ತೂ ಸಾಯಲಿಲ್ಲವಾ ಅಕ್ಕ ಎಂದು ಎಂದಿನ ಹಾಗೆ ಕೇಳುತ್ತೇನೆ. ನಿಮ್ಮ ನಗು ನನ್ನ ಕಿವಿಯಿಂದಲೂ ಹೋಗುತ್ತದೆ. ನಾನು ಕೇಳಿರುವ ನಗುಗಳಲ್ಲೆಲ್ಲ ಅಂಥದ್ದು ಇನ್ನೊಂದಿಲ್ಲ, ಈಗಲೂ ಬರೆಯುತ್ತ ಅದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ. ಹೋಗಲಿ. ಅದು ನನ್ನದಾಗಿರಲಿಲ್ಲ.

ಕಡೆಯ ಸಾಲು ಅಧಿಪತಿಗಳು ಓದುತ್ತಾರೆ, ಆದ್ದರಿಂದ ಇಲ್ಲಿಗೆ ಮುಗಿಸುತ್ತೇನೆ. ಅಕ್ಕಿ ಡಬ್ಬ ಮರೆಯಬೇಡಿ.

ಮಾತಾಡಿದ್ದನ್ನೆಲ್ಲ ಮರೆಯದೆ ನಮಗೆ ಒಪ್ಪಿಸಿದ ತಮ್ಮ ಅಮೂಲ್ಯ ಸಹಕಾರಕ್ಕೆ ಇಲಾಖೆಯು ಎಂದೆಂದಿಗೂ ಋಣಿಯಾಗಿದೆ ಎಂದು ವಿನಯಪೂರ್ವಕವಾಗಿ ಅರಿಕೆ ಮಾಡುವ, ದೇವೀರಿ, ಕಿವಿಸೇವಕಿ, ಮೂರನೇ ದರ್ಜೆ.