ಎರಡನೆಯ ಸಲ ಕೇಳದ ಊರಿನಿಂದ

ಹಾಲ್ನೆಸ್, ಉತ್ತರ ತೀರ
ಇಸವಿ 2229, ಕತ್ತಲೆ ತಿಂಗಳ ಇನ್ನೊಂದು ದಿನ

ಮಾತೃಸಮಾನರಾದ ಬಸಲಿಂಗವ್ವ ಆಯಿಯವರಿಗೆ, ಗುಳೇದಗುಡ್ಡದ ಮಹಾನಂದಾ ಮಾಡುವ ನಮಸ್ಕಾರಗಳು.

ಸರಿಯಾದ ತಾರೀಖು ಹಾಕದಿರುವುದಕ್ಕೆ ಕ್ಷಮಿಸಬೇಕು. ಈ ಊರಿನಲ್ಲಿ ಚಳಿಗಾಲಕ್ಕೆ ಸೂರ್ಯ ಒಮ್ಮೆ ಮುಳುಗಿದರೆ ಮತ್ತೆ ಕಾಣಿಸುವವರೆಗಿನ ಕಾಲವನ್ನೆಲ್ಲ ಒಂದೇ ತಿಂಗಳೆಂದು ಹಿಡಿಯುತ್ತಾರೆ. ಆ ತಿಂಗಳ ದಿನಗಳಿಗೆ ಸಂಖ್ಯೆ ಇಲ್ಲ. ಇವತ್ತು ಇನ್ನೊಂದು ದಿನ, ನಾಳೆ ಮತ್ತೊಂದು ದಿನ, ಅಷ್ಟೇ. ನನ್ನ ಭಾಷೆಗೂ ಕ್ಷಮೆ ಇರಲಿ. ನೀವು ಬರೆಯುತ್ತಿದ್ದ ಕನ್ನಡವನ್ನು ನಾವು ಶಾಲೆಯಲ್ಲಿ ಹಳಗನ್ನಡವೆಂದು ಕಲಿಯುತ್ತೇವೆ, ಅದರಲ್ಲಿ ನನಗೆ ಬರುತ್ತಿದ್ದ ಅಂಕಗಳ ಬಗ್ಗೆ ಮಾತಾಡದಿರುವುದೇ ಲೇಸು. ನಮ್ಮ ಮನೆಯ ಆಡುಮಾತು ಮಾತ್ರ ಹೆಚ್ಚು ಬದಲಾಗಿಲ್ಲ. ನಿಮ್ಮ ದನಿ ಕೇಳಿದ್ದೇನೆ, ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ನೀವು ನಮ್ಮ ಅವ್ವನಿಗೆ ಆರು ತಲೆಮಾರು ಹಿಂದಿನವರು. ನಿಮ್ಮ ಬಗ್ಗೆ ಮನೆಯಲ್ಲಿ ಉಳಿದಿರುವುದು ಒಂದೇ ಒಂದು ವಸ್ತು, ನಿಮ್ಮ ಕಾಲದ ಫೋನಿನಲ್ಲಿ ಯಾರೋ ತೆಗೆದ ಚಿಕ್ಕ ವಿಡಿಯೊ. ಮದುವೆ ಮನೆಯ ಪಂಕ್ತಿ. ನೀವು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಗ್ಗಿಯ ಬಕೆಟ್ಟು ಹಿಡಿದು ಬರುತ್ತೀರಿ. ಬಿಳಿ ಟೊಪ್ಪಿಗೆಯ ದಪ್ಪ ಬೀಗರೊಬ್ಬರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಒಲ್ಲೆ ಅಂದ್ರ ಒಲ್ಲೇರಿ ಯವ್ವಾ’ ಅನ್ನುತ್ತಾರೆ. ನೀವು ‘ಹಂಗಂದ್ರ ಹೆಂಗ್ರೀ ಬೀಗರ? ಇನ್ನೊಂದು ಸೌಟು!’ ಎಂದು ಅವರ ಕೈಯ ಮೇಲೆಯೇ ಹುಗ್ಗಿ ಸುರಿಯುತ್ತೀರಿ. ಪಂಕ್ತಿಯೆಲ್ಲ ನಗುತ್ತದೆ. ಬೀಗರು ಬೆರಳು ನೆಕ್ಕಿಕೊಳ್ಳುತ್ತಾರೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಚಿಕ್ಕವಳಿದ್ದಾಗ ಅದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತಿತ್ತು. ಬೇರೆಯವರ ಮನೆಗಳಲ್ಲಿ ಹಿರಿಯರು ಭಾಷಣ ಮಾಡುವ, ಪ್ರಶಸ್ತಿ ತೆಗೆದುಕೊಳ್ಳುವ ವಿಡಿಯೊಗಳಿದ್ದವು.

ನನಗೀಗ ಹದಿನಾರು ವರ್ಷ. ಅದಲು ವರ್ಷಕ್ಕೆಂದು ಇಲ್ಲಿಗೆ ಬಂದಿದ್ದೇನೆ. ಅದಲು ವರ್ಷವೆಂದರೆ ಒಂದು ಮನೆಯ ಮಗು ಬೇರೆ ದೇಶದ ಮನೆಯೊಂದಕ್ಕೆ ಹೋಗಿ ಅಲ್ಲಿನ ಶಾಲೆಯಲ್ಲಿ ಓದುವುದು, ಆ ಮನೆಯ ಮಗು ಇವರ ಮನೆಗೆ ಬಂದು ಓದುವುದು. ನಾನು ಇರುವ ಮನೆಯ ಹುಡುಗ ಆಸ್ಕ ಈಗ ಗುಳೇದಗುಡ್ಡದಲ್ಲಿ ನನ್ನ ಹಾಸಿಗೆಯಲ್ಲಿ ಮಲಗುತ್ತಾನೆ. ಅವನ ತಂಗಿ ಸುನ್ನಿವಾ ನನ್ನ ಓರಗೆಯವಳು, ಒಂದೇ ತರಗತಿ. ನಾವೆಲ್ಲ ಇಲ್ಲಿ ಹಡಗುಮಾತು ಆಡುತ್ತೇವೆ. ಅದು ಹಲವು ಬಂದರುಗಳ ಮಾತು ಸೇರಿ ಆದ ಭಾಷೆ, ಎಲ್ಲ ದೇಶದ ಮಕ್ಕಳೂ ಕಲಿಯುತ್ತಾರೆ, ಯಾರಿಗೂ ಅದು ಮನೆಮಾತಲ್ಲ.

ಈ ಊರಿನವರ ಒಂದು ಪದ್ಧತಿಯನ್ನು ನಿಮಗೆ ವಿವರಿಸಲೇಬೇಕು. ಅದರ ಹೆಸರು ಒಂದೇ ಕೇಳಿಕೆ. ಯಾರನ್ನಾದರೂ ಏನನ್ನಾದರೂ ಕೇಳುವುದಿದ್ದರೆ ಒಂದು ಸಲ ಕೇಳಬೇಕು. ಅವರು ಬೇಡವೆಂದರೆ ಅದು ಬೇಡ. ಮತ್ತೆ ಕೇಳುವುದೆಂದರೆ ಅವರ ಮಾತಿಗೆ ಬೆಲೆ ಕೊಡದೆ ಇದ್ದಂತೆ, ಕೈ ಹಿಡಿದು ಎಳೆದಂತೆ. ಇವರ ಹಿರಿಯರು ಮುಳುಗಿಹೋದ ತೀರಗಳಿಂದ ಬಂದವರು. ದಾರಿಯುದ್ದಕ್ಕೂ ಅವರನ್ನು ಕಂಡವರೆಲ್ಲ ಕೇಳಿ ಕೇಳಿ ಪೀಡಿಸಿ, ಇಲ್ಲ ಅಂದದ್ದನ್ನು ಹೂಂ ಅನ್ನಿಸಿಕೊಂಡಿದ್ದರಂತೆ. ಹಾಗಾಗಿ ಇಲ್ಲಿ ನೆಲೆ ನಿಂತ ಮೇಲೆ ಮೊದಲು ಮಾಡಿಕೊಂಡ ಕಟ್ಟುಪಾಡು ಇದು. ಕೆಟ್ಟ ಪದ್ಧತಿಯೆಂದು ನಾನು ಹೇಳುತ್ತಿಲ್ಲ. ಇಲ್ಲಿ ಯಾರೂ ಯಾರ ಮೇಲೂ ಏರಿ ಹೋಗುವುದಿಲ್ಲ. ಹುಡುಗಿಯರು ಎಲ್ಲಿ ಬೇಕಾದರೂ ನಿರ್ಭಯವಾಗಿ ಓಡಾಡುತ್ತಾರೆ.

ಆದರೆ ಬರುವ ಮೊದಲು ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ ಅನ್ನಿಸುತ್ತದೆ. ಮೊದಲ ದಿನ ಶಾಲೆಯ ಊಟದ ಮನೆಯಲ್ಲಿ ಮೀನಿನ ಗಂಜಿ ಬಡಿಸುವಾತ ಒಂದು ಸೌಟು ಹಾಕಿ, ಇನ್ನೂ ಬೇಕೇ ಎಂದು ಕೇಳಿದ. ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ನಿಮ್ಮ ಮನೆಯ ಹುಡುಗಿ, ಮೊದಲ ಸಲಕ್ಕೇ ಹೂಂ ಅನ್ನುವುದುಂಟೆ? ಸಾಕು ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿದೆ. ಆತ ತಲೆಯಾಡಿಸಿ ಮುಂದೆ ಹೋದ. ಅವತ್ತಿನಿಂದ ನನಗೆ ಒಂದೇ ಸೌಟು. ಮನೆಯಲ್ಲಿ ಸುನ್ನಿವಾಳ ತಾಯಿ ಗ್ರೆತೆ ರೊಟ್ಟಿಯ ವಿಷಯದಲ್ಲಿ ಕೇಳಿದರು, ಅಲ್ಲೂ ಅದೇ ಆಯಿತು. ಮರುದಿನ ಬೆಳಿಗ್ಗೆ ಸುನ್ನಿವಾ ಬಾಗಿಲಲ್ಲಿ ನಿಂತು, ಶಾಲೆಗೆ ನಿನ್ನ ಜೊತೆ ಬರಲೇ ಎಂದು ಕೇಳಿದಳು. ಅವಳಿಗೆ ಯಾಕೆ ತೊಂದರೆ ಎಂದು, ಬೇಡ ಪರವಾಗಿಲ್ಲ ಅಂದೆ. ಇನ್ನೊಮ್ಮೆ ಕೇಳುತ್ತಾಳೆಂದು ಕೈಗವಸು ಸರಿಮಾಡಿಕೊಳ್ಳುತ್ತ ಸ್ವಲ್ಪ ಹೊತ್ತು ನಿಂತೆ. ಅವಳು ಹೊರಟುಹೋದಳು.

ಇಲ್ಲಿನ ದಾರಿಯನ್ನೂ ಹೇಳುತ್ತೇನೆ. ಕತ್ತಲಿಗೂ ಗಾಳಿಗೂ ಮಕ್ಕಳು ದಿಕ್ಕು ತಪ್ಪಬಾರದೆಂದು ಮನೆಗಳಿಂದ ಶಾಲೆಯವರೆಗೆ ಎರಡು ಹಗ್ಗ ಕಟ್ಟಿರುತ್ತಾರೆ. ಎಡಗಡೆಯದು ಜೊತೆಯವರ ಹಗ್ಗ, ಬಲಗಡೆಯದು ಒಂಟಿಯವರ ಹಗ್ಗ. ಎಡಗಡೆ ಹರಟೆ, ನಗು, ಬೈದಾಟ. ಬಲಗಡೆ ಹಿಡಿದವರನ್ನು ಯಾರೂ ಮಾತಾಡಿಸುವುದಿಲ್ಲ, ಅವರು ಒಂಟಿಯಾಗಿರಲು ಬಯಸಿದ್ದಾರೆಂದು ಅರ್ಥ. ಜೊತೆ ಬೇಡವೆಂದ ನನ್ನ ಪಾಲಿಗೆ ಬಲಗಡೆಯದೇ ಬಂತು. ಸುನ್ನಿವಾ ಅವತ್ತಿನಿಂದ ಮೊನ್ನೆಯವರೆಗೂ ಎಡಗಡೆಯ ಹಗ್ಗ ಹಿಡಿದು, ಗೆಳತಿಯರನ್ನು ಮುಂದೆ ಬಿಟ್ಟು, ನನ್ನ ನಡಿಗೆಗೆ ಸರಿಯಾಗಿ ನಡೆಯುತ್ತಿದ್ದಳು. ಒಂದು ಮಾತಿಲ್ಲ. ಅವಳ ದೀಪ ನನ್ನ ಪಕ್ಕದಲ್ಲೇ ಬರುತ್ತಿತ್ತು. ಮೊದಮೊದಲು ನನಗೆ ಅಳು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಶಾಲೆ ಒಂದು ಉದ್ದನೆಯ ಮರದ ಕಟ್ಟಡ. ಬೆಳಗಿನ ಮೊದಲ ಪಾಠ ಬೆಳಕಿನ ಪಾಠ. ದೊಡ್ಡ ದೀಪದ ಕೆಳಗೆ ಎಲ್ಲರೂ ಕಣ್ಣು ಮುಚ್ಚಿ ಕೂರುವುದು, ಅದೇ ಪಾಠ. ಸೂರ್ಯನಿಲ್ಲದ ಊರಿನ ಮೈಗೆ ಅದು ಬೇಕಂತೆ. ಆಮೇಲೆ ಲೆಕ್ಕ, ಗಾಳಿಶಾಸ್ತ್ರ, ಬಲೆ ಹೊಲಿಯುವುದು. ನನ್ನ ಬಲೆಯ ಗಂಟು ಗಟ್ಟಿ, ಅದಕ್ಕೆ ಮೆಚ್ಚುಗೆ ಸಿಕ್ಕಿದೆ. ಮಧ್ಯಾಹ್ನ ಒಂದು ಸೌಟು. ಊಟದ ನಂತರ ಮೇಷ್ಟ್ರು ಹಾಲ್ವರ್ ಹಿಂದಕ್ಕೆ ಬರೆಯುವ ಪಾಠ ತೆಗೆದುಕೊಳ್ಳುತ್ತಾರೆ. ತೀರಿಹೋದ ಹಿರಿಯರೊಬ್ಬರಿಗೆ ಕಾಗದ ಬರೆಯುವುದು. ತಲುಪುವ ದಾರಿಯಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಈ ಕಾಗದ ಅಲ್ಲಿಯದೇ. ಸಂಜೆ ಬಲಗಡೆಯ ಹಗ್ಗ ಹಿಡಿದು ಮನೆಗೆ ಬಂದು, ಕೊಟ್ಟದ್ದು ತಿಂದು ಮಲಗುತ್ತಿದ್ದೆ. ತಪ್ಪಾಯಿತು, ನನಗೆ ಬೇಕು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಬಿಟ್ಟು ಬೇಡುವುದು ನಮ್ಮ ಮನೆತನದಲ್ಲಿ ಇಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ಬರಬರುತ್ತ ಹಸಿವೂ ನಿಂತುಹೋಯಿತು. ಕಾಲಿಗೆ ಚಳಿ ಹಿಡಿದರೆ ಮೊದಲು ನೋಯುತ್ತದೆ, ಆಮೇಲೆ ಕಾಲೇ ಇಲ್ಲದಂತಾಗುತ್ತದೆ. ಹಾಗೆ.

ಅವ್ವನ ವಿಷಯ ಹೇಳಬೇಕು. ವಾರಕ್ಕೊಮ್ಮೆ ಅವಳ ಕರೆ ಬರುತ್ತದೆ. ಊಟ ಆತೇನ ಎಂದು ಶುರು ಮಾಡುತ್ತಾಳೆ. ಆತು ಅನ್ನುತ್ತೇನೆ. ಖರೇ ಆತೇನ, ಏನ್ ಉಂಡಿ, ಹೊಟ್ಟಿ ತುಂಬ ಉಂಡ್ಯೋ ಇಲ್ಲೋ ಎಂದು ಬಿಡದೆ ಕೇಳುತ್ತಾಳೆ. ಆಸ್ಕನ ಮೇಲೂ ಅವಳದು ಅದೇ ದೂರು. ‘ಆ ಹುಡುಗ ಒಲ್ಲೆ ಅಂದಾನ ಅಂದ್ರ ಮುಗೀತು ನೋಡವಾ, ಇನ್ನೊಂದು ರೊಟ್ಟಿ ಹಾಕಾಕ ಹೋದ್ರ ತಾಟು ಬಿಟ್ಟು ಎದ್ದು ಓಡ್ತಾನ’ ಎಂದು ಅವಳು ಅಂದಾಗ, ಮೊದಲಾದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಸೂರ್ಯ ಮುಳುಗಿದ ಮೇಲಿನ ಮೊದಲ ಕರೆಯಲ್ಲಿ ಅವಳು ಊಟದ ಮಾತನ್ನು ಎರಡನೆಯ ಸಲ ತೆಗೆದಳು. ನನಗೆ ಸಿಟ್ಟು ಬಂತು. ಒಮ್ಮೆ ಹೇಳಿದೆನಲ್ಲ, ಮತ್ತೆ ಮತ್ತೆ ಯಾಕೆ ಕೇಳುತ್ತೀ ಎಂದೆ. ಆಮೇಲಿನ ಕರೆಗಳಲ್ಲಿ ಅವಳು ಒಂದೇ ಸಲ ಕೇಳುತ್ತಾಳೆ. ಇದರಿಂದ ನನಗೆ ಸಂಕಟವಾಗಬೇಕಿತ್ತು. ಏನೂ ಆಗಲಿಲ್ಲ, ಅದನ್ನೇ ನಿಮಗೆ ಹೇಳಬೇಕೆಂದು ಈ ಕಾಗದ ಶುರು ಮಾಡಿದ್ದು.

ಕಳೆದ ವಾರ ತರಗತಿಯಲ್ಲಿ ಪ್ರತಿಯೊಬ್ಬರೂ ತಾವು ಬರೆಯುತ್ತಿರುವ ಹಿರಿಯರನ್ನು ಪರಿಚಯಿಸಬೇಕಿತ್ತು. ನಾನು ನಿಮ್ಮ ವಿಡಿಯೊ ಹಾಕಿದೆ. ನೀವು ಹುಗ್ಗಿ ಸುರಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಮುಖ ಮುಚ್ಚಿಕೊಂಡಳು. ಹಾಲ್ವರ್ ಮೇಷ್ಟ್ರು ಪರದೆ ಆರಿಸಿ, ಇಂಥ ನೋವಿನ ನೆನಪನ್ನು ಹಂಚಿಕೊಂಡದ್ದಕ್ಕೆ ನನಗೆ ವಂದನೆ ಹೇಳಿದರು. ಆಯಿ, ನೀವು ಇಲ್ಲಿ ಒಬ್ಬ ಕ್ರೂರ ಹೆಂಗಸು. ಕ್ಷಮಿಸಬೇಕು, ನಾನು ಅಲ್ಲಿ ನಿಮ್ಮ ಪರವಾಗಿ ಏನೂ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಸುನ್ನಿವಾ ಆ ವಿಡಿಯೊ ಇನ್ನೊಮ್ಮೆ ನೋಡಬಹುದೇ ಎಂದಳು. ನೋಡುತ್ತ ನೋಡುತ್ತ, ಆ ಮನುಷ್ಯ ಬೇಡ ಅಂದನಲ್ಲ, ಆದರೆ ನಗುತ್ತಿದ್ದಾನಲ್ಲ ಎಂದಳು. ನಾನು ಹೇಳಿದೆ: ಆಕೆ ಇನ್ನೊಮ್ಮೆ ಕೇಳದೆ ಮುಂದೆ ಹೋಗಿದ್ದರೆ ಆತ ಉಂಡ ಕೈ ತೊಳೆದು ಎದ್ದುಹೋಗುತ್ತಿದ್ದ, ನಮ್ಮನ್ನು ಕೇಳುವವರೇ ಇರಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಮ್ಮಲ್ಲಿ ಮೊದಲನೆಯ ಬೇಡ ಬರೀ ಮರ್ಯಾದೆಗೆ. ಸುನ್ನಿವಾ ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಅವಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಎದ್ದುಹೋದಳು.

ಮರುದಿನ ಬೆಳಿಗ್ಗೆ ನಾನು ಬಲಗಡೆಯ ಹಗ್ಗ ಹಿಡಿದಾಗ ಅವಳು ಎದುರಿಗೆ ಬಂದು ನಿಂತಳು. ನಿಮ್ಮ ವಿಡಿಯೊದಿಂದ ಉರು ಹೊಡೆದ ಕನ್ನಡದಲ್ಲಿ, ‘ಇನ್ನೊಂದು ಸೌಟು?’ ಅಂದಳು. ಅಂದು ಬಾಗಿಲಲ್ಲಿ ಕೇಳಿದ್ದನ್ನು ಅವಳು ಎರಡನೆಯ ಸಲ ಕೇಳಿದ್ದಳು, ಇವರ ಲೆಕ್ಕದಲ್ಲಿ ಅದು ದೊಡ್ಡ ಅಪರಾಧ. ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು ಅಡ್ಡ ನಿಂತವು. ‘ಒಲ್ಲೆ’ ಅಂದೆ. ಯಾಕೆ ಅಂದೆನೆಂದು ನಿಮಗೆ ಹೇಳಬೇಕಾಗಿಲ್ಲ. ಸುನ್ನಿವಾ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಮೂರನೆಯ ಸಲ ಕೇಳಿದಳು. ‘ಹಂಗಂದ್ರ ಹೆಂಗ್ರೀ ಬೀಗರ?’

ನನಗೆ ನಗು ಬಂತೆಂದು ಬರೆದರೆ ಸುಳ್ಳಾಗುತ್ತದೆ. ಮುಖದ ಮೇಲೆ ಏನೋ ಅಲುಗಾಡಿತು, ಅಷ್ಟು ಹೇಳಬಲ್ಲೆ. ಸರಿ, ಅರ್ಧ ದಾರಿ ಬಾ, ಸಾಕು ಅಂದೆ. ಬಡಿಸುವವರು ಬಿಡದಿದ್ದಾಗ ನಾವು ಅರ್ಧ ಹಾಕ್ರಿ ಅನ್ನುತ್ತೇವಲ್ಲ, ಹಾಗೆ. ಎಡಗಡೆಯ ಹಗ್ಗ ಹಿಡಿದು ಇಬ್ಬರೂ ನಡೆದೆವು. ಆದರೆ ಅವಳು ಹಾಲ್ನೆಸ್ಸಿನ ಹುಡುಗಿ. ಮೀನು ಒಣಗಿಸುವ ಕಂಬ ಸರಿಯಾಗಿ ಅರ್ಧ ದಾರಿಯಲ್ಲಿದೆ. ಅಲ್ಲಿ ನಿಂತು, ನೀನು ಅರ್ಧ ಅಂದೆ, ಇನ್ನು ನೀನು ಹೋಗು, ನಾನು ಆಮೇಲೆ ಬರುತ್ತೇನೆ ಅಂದಳು. ಬಾ ಎಂದೆ. ಇಲ್ಲ ಅಂದಳು. ನಾನು ಹಗ್ಗ ಬಿಟ್ಟು ಹಿಂದಕ್ಕೆ ಹೋದೆ. ನಿಮ್ಮ ಸೊಸೆಯಂದಿರ ಸೊಸೆಯಂದಿರೆಲ್ಲ ಮಾಡಿದ್ದನ್ನು ಮಾಡಿದೆ. ಇನ್ನೊಮ್ಮೆ ಕೇಳಿದೆ, ತೋಳು ಹಿಡಿದು ಎಳೆದೆ. ಅವಳು ಬಂದಳು. ಶಾಲೆಗೆ ತಡವಾಯಿತು. ಅವತ್ತು ಮಧ್ಯಾಹ್ನ ನನಗೆ ಹಸಿವಾಯಿತು. ಎಷ್ಟು ಹಸಿವೆಂದರೆ ಗಂಜಿಯ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದೆ.

ಆಯಿ, ಕಾಗದ ಮುಗಿಸುವ ಹೊತ್ತಾಯಿತು. ನಿಮ್ಮಲ್ಲಿ ಎರಡು ಬೇಡಿಕೆ. ಆ ಮದುವೆ ಇನ್ನೂ ಆಗಿಲ್ಲದಿದ್ದರೆ, ಬಕೆಟ್ಟು ಹಿಡಿದು ಪಂಕ್ತಿಗೆ ಹೋದಾಗ ಬೀಗರು ಒಲ್ಲೆ ಅನ್ನುತ್ತಾರೆ, ಕೈ ಅಡ್ಡ ಹಿಡಿಯುತ್ತಾರೆ. ಬಿಡಬೇಡಿ. ಸುರಿಯಿರಿ. ಅದನ್ನು ಯಾರಾದರೂ ಫೋನಿನಲ್ಲಿ ತೆಗೆಯಲಿ.

ಇನ್ನೊಂದು ಅವ್ವನ ವಿಷಯ. ನಾಳೆ ಅವಳ ಕರೆ ಬರುತ್ತದೆ. ಊಟ ಆತೇನ ಅನ್ನುತ್ತಾಳೆ. ನಾನು ಆತು ಅಂದುಬಿಡುತ್ತೇನೆ, ಮೊದಲನೆಯ ಸಲಕ್ಕೆ ನನ್ನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ. ಆಮೇಲೆ ಅವಳು ಸುಮ್ಮನಾಗುತ್ತಾಳೆ. ನೀವು ಎಲ್ಲಿದ್ದರೂ ಬಂದು ಅವಳ ಹಿಂದೆ ನಿಂತು, ಆ ಸೌಟಿನ ಹಿಡಿಕೆಯಿಂದ ಬೆನ್ನಿಗೊಂದು ತಿವಿಯಬೇಕು. ಅವಳು ಇನ್ನೊಮ್ಮೆ ಕೇಳಲಿ.

ನನ್ನ ಊಟ ಆಗಿಲ್ಲ.

ನಿಮ್ಮ ಮನೆಯವಳು,
ಮಹಾನಂದಾ