ಎಷ್ಟು ಬಾಣಂತನ ಆದವು?

ಭಾಗ್ಯನಗರ, ಕೊಪ್ಪಳ
೮ ಡಿಸೆಂಬರ್ ೨೦೨೪

ಪ್ರೀತಿಯ ದ್ರಾಕ್ಷಾಯಿಣಿ ಅಕ್ಕನಿಗೆ,

ನಿನ್ನ ತಂಗಿ ಶೈಲಾಳ ನಮಸ್ಕಾರ. ಕಾರಟಗಿಯಿಂದ ನೀನು ಕಳಿಸಿದ ಅಕ್ಕಿ ಬಂದು ಮುಟ್ಟಿ, ಅರ್ಧ ಚೀಲ ಉಂಡೂ ಆಯಿತು. ಮುಟ್ಟಿತು ಅಂತ ತಿಳಿಸುವುದಕ್ಕೆ ಇಷ್ಟು ದಿನ ಮಾಡಿದೆ, ಬೈಯಬೇಡ. ಫೋನ್ ಇರುವಾಗ ಇವಳದೇನು ಕಾಗದ ಅಂತ ಭಾವ ನಗುತ್ತಾರೆ, ಗೊತ್ತು. ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರ್ ಮೇಲೇ ಇರುತ್ತದೆ. ನಾನಿಲ್ಲಿ ಕೆಮ್ಮಿದರೆ ನಿಮ್ಮ ಓಣಿಗೆಲ್ಲ ಗೊತ್ತಾಗುತ್ತದೆ. ನಿನ್ನೊಬ್ಬಳನ್ನೇ ಕೇಳಬೇಕಾದ ಮಾತೊಂದಿದೆ, ಅದಕ್ಕೇ ಈ ಕಾಗದ. ಬರೆಯುತ್ತ ಬರೆಯುತ್ತ ಧೈರ್ಯ ಬಂದರೆ ಕೇಳುತ್ತೇನೆ.

ಕೃಷ್ಣ ಆರಾಮ ಇದ್ದಾನೆ. ಈ ವರ್ಷ ಶಾಲೆಗೆ ಹಾಕಿದ್ದೇವೆ. ಡಬ್ಬಿ ಖಾಲಿ ಮಾಡಿಕೊಂಡು ಬರುತ್ತಾನೆ, ಪಾಟಿಯನ್ನೂ ಖಾಲಿಯೇ ತರುತ್ತಾನೆ. ಇವರು ದಿನಾ ಮುನಿರಾಬಾದಿನ ಆಫೀಸಿಗೆ ಹೋಗಿ ಬರುತ್ತಾರೆ.

ಇನ್ನು ನನ್ನ ಕೆಲಸದ ಸುದ್ದಿ. ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗಕ್ಕೆ ದೆಹಲಿಯ ಒಂದು ಸಂಸ್ಥೆಯಿಂದ ಬಂದ ಪ್ರಾಜೆಕ್ಟ್ ಇದು: ಎಳೆಗೂಸು ಕಳೆದುಕೊಂಡ ತಾಯಂದಿರ ಮನಸ್ಸಿನ ಅಧ್ಯಯನ. ನಾನು ಸೇರುತ್ತೇನೆ ಅಂದಾಗ "ಊರಾಗ ಬ್ಯಾರೆ ಕೆಲ್ಸ ಸಿಗಲಿಲ್ಲೇನ ನಿನಗ?" ಅಂತ ಸಿಟ್ಟಾಗಿದ್ದೆಯಲ್ಲ, ಅದೇ. ಅಂಜಲಿ ಮೇಡಂ ಇದರ ಮುಖ್ಯಸ್ಥರು. ನಾನು, ಇಮಾಮಬಾನು ಇಬ್ಬರು ಸಹಾಯಕಿಯರು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಂಡು ಬರುತ್ತೇವೆ. ಕುಷ್ಟಗಿಯಲ್ಲಿ ಒಂದು ಕೋಣೆ ಹಿಡಿದು, ಅಂಥ ತಾಯಂದಿರು ವಾರಕ್ಕೊಮ್ಮೆ ಬಂದು ಕೂತು ಮಾತಾಡಿ ಹೋಗುವ ವ್ಯವಸ್ಥೆಯೂ ಇದರಲ್ಲೇ ಇದೆ.

ತೊಂದರೆ ಏನಾಯಿತೆಂದರೆ, ತಾಯಂದಿರೇ ಸಿಗಲಿಲ್ಲ. "ನಿಮಗೆ ಒಟ್ಟು ಎಷ್ಟು ಮಕ್ಕಳು? ಈಗ ಇರುವವರು ಎಷ್ಟು?" ಅನ್ನುವುದು ನಮ್ಮ ಮೊದಲ ಪ್ರಶ್ನೆ. ಯಾವ ಮನೆಯಲ್ಲಿ ಕೇಳಿದರೂ ಎರಡಕ್ಕೂ ಒಂದೇ ಉತ್ತರ. "ಇಬ್ಬರ್ರಿ. ಇಬ್ರೂ ಆರಾಮ ಅದಾರ್ರಿ." ಅಂಥ ತಾಯಂದಿರೇ ನಿಮ್ಮಲ್ಲಿ ಇಲ್ಲವೆಂದ ಮೇಲೆ ಎರಡನೇ ವರ್ಷಕ್ಕೆ ಯಾಕೆ ಮುಂದುವರಿಸಬೇಕು ಅಂತ ದೆಹಲಿಯವರು ಕೇಳಿದರು. ಪ್ರಾಜೆಕ್ಟ್ ನಿಂತರೆ ಕುಷ್ಟಗಿಯ ಕೋಣೆಗೂ ಬೀಗ.

ಅಷ್ಟರಲ್ಲಿ ಯಲಬುರ್ಗಾ ಹತ್ತಿರದ ಒಂದು ಹಳ್ಳಿಯಲ್ಲಿ ಪಾರಮ್ಮ ಎನ್ನುವವಳ ಮನೆಗೆ ಹೋದೆವು. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾವೂ ಕೈ ಹಾಕಿದೆವು. ಇಮಾಮಬಾನುವಿಗೆ ಕೈ ಆಡಿದರೆ ಬಾಯಿ ಸುಮ್ಮನಿರುವುದಿಲ್ಲ. ಕಾಗದ ನೋಡದೆ, ಮನೆಯ ಹೆಣ್ಣುಮಕ್ಕಳನ್ನು ಕೇಳುವ ಹಾಗೆ, "ಯಕ್ಕಾ, ಎಷ್ಟ ಬಾಣಂತನ ಆದವು ನಿನಗ?" ಅಂದುಬಿಟ್ಟಳು.

"ಮೂರು," ಅಂದಳು ಪಾರಮ್ಮ.

ಅಂಗಳದಲ್ಲಿ ಆಡುತ್ತಿದ್ದ ಅವಳ ಮಕ್ಕಳು ಇಬ್ಬರೇ. ಅವಳು ನಮ್ಮ ಮುಖ ನೋಡಲಿಲ್ಲ. "ನಡುವಿಂದು ಹೆಣ್ಣು. ತೊಟ್ಟಲದಾಗ ಹಾಕೂದ್ರಾಗ ಹೋತವ್ವಾ. ಮೂಗು ಥೇಟ್ ನಮ್ಮಪ್ಪಂದ ಇತ್ತು. ಇಷ್ಟ ವರ್ಷದಾಗ ಅದರ ಸುದ್ದಿ ಯಾರೂ ಕೇಳಿದ್ದಿಲ್ಲ ನೋಡು." ಆಮೇಲೆ ಆ ಮೂಗಿನ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ಅತ್ತಳು, ನಡುನಡುವೆ ನಕ್ಕಳು. ಹೊರಟಾಗ ಇಬ್ಬರ ಉಡಿಗೂ ಬೊಗಸೆ ಬೊಗಸೆ ಶೇಂಗಾ ಹಾಕಿದಳು.

ಹೆಸರಿಡುವ ಮೊದಲೇ ಹೋದ ಕೂಸನ್ನು ನಮ್ಮಲ್ಲಿ ಮಕ್ಕಳ ಜೊತೆ ಎಣಿಸುವುದಿಲ್ಲವಲ್ಲ ಅಕ್ಕ. ನಮ್ಮ ಆ ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದವಳು ನಾನು. ನೋಡಿ ಒಪ್ಪಿದವರು ಮೇಡಂ, ಅವರ ತವರೂ ಗಂಗಾವತಿಯೇ. ಇಬ್ಬರಿಗೂ ಹೊಳೆಯಲಿಲ್ಲ. ಇದ್ದವರನ್ನಷ್ಟೇ ಹೇಳುವುದು ನಮಗೂ ಅಷ್ಟು ರೂಢಿಯಾಗಿ ಹೋಗಿದೆ.

ಸುದ್ದಿ ಕೇಳಿ ಮೇಡಂ ಮೊದಲು ಸಿಟ್ಟಾದರು. "ಎಲ್ಲಾರಿಗೂ ಒಂದ ನಮೂನಿ ಕೇಳ್ಬೇಕಂತ ಹೇಳಿಲ್ಲೇನ? ಬಾಯಿಗೆ ಬಂದಂಗ ಕೇಳಿದ್ರ ದೆಹಲಿಯವ್ರು ಒಪ್ತಾರೇನ?" ಇಮಾಮಬಾನು ತಲೆ ತಗ್ಗಿಸಿದಳು, ಆದರೆ ಬಿಡಲಿಲ್ಲ. "ಒಪ್ಪದಿದ್ರ ಬಿಡ್ಲಿ ಮೇಡಂ. ಪಾರಮ್ಮಗ ಇಬ್ಬರ ಅಂತ ಬರಿಯಾಕ ನನ್ನ ಕೈಲೆ ಆಗಂಗಿಲ್ರಿ."

ಮೇಡಂ ನಮ್ಮ ಕಾಗದ ಎಳೆದುಕೊಂಡು ಆ ಮೊದಲ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ಮಾರನೇ ದಿನ, ತಪ್ಪು ನಮ್ಮ ಪ್ರಶ್ನೆಯದು, ತಿದ್ದಿಕೊಳ್ಳಲು ಬಿಡಿ ಅಂತ ದೆಹಲಿಗೆ ತಾವೇ ಬರೆದರು. ಅವರು ಒಪ್ಪಿದರು. ಈಗ ಎಷ್ಟು ಬಾಣಂತನ ಆದವು ಅಂತಲೇ ಕೇಳುತ್ತ ಎಲ್ಲ ಮನೆಗಳಿಗೂ ಮೊದಲಿನಿಂದ ಹೋಗುತ್ತಿದ್ದೇವೆ. ಕಾಲು ಸೋತಿವೆ, ಆದರೆ ಎರಡನೇ ವರ್ಷ ಸಿಕ್ಕಿತು. ಕುಷ್ಟಗಿಯ ಕೋಣೆಯಲ್ಲಿ ಚಾಪೆ ಸಾಲದೆ ಹೊಸವು ತಂದೆವು. ಪಾರಮ್ಮ ತಪ್ಪದೆ ಬಂದು ಬಾಗಿಲ ಬಳಿಯೇ ಕೂರುತ್ತಾಳೆ.

ಒಂದು ಮಾತು ಹೇಳಲೇ? ಅವಳು ಆ ಮೂಗಿನ ಸುದ್ದಿ ಹೇಳುತ್ತಿದ್ದಾಗ ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚಾಯಿತು ಅಕ್ಕ.

ಎಳ್ಳ ಅಮವಾಸ್ಯೆಗೆ ರಜೆ ಸಿಕ್ಕರೆ ಕೃಷ್ಣನನ್ನು ಕರೆದುಕೊಂಡು ಬರುತ್ತೇನೆ. ಭಾವನಿಗೆ ನಮಸ್ಕಾರ ಹೇಳು. ಕನಕರಾಜನಿಗೆ ಚಿಕ್ಕಮ್ಮನ ಆಶೀರ್ವಾದ. ಹತ್ತನೇ ಪರೀಕ್ಷೆ ಹತ್ತಿರ ಬಂತು, ಮೊಬೈಲು ಕಸಿದಿಡು. ಹುಲಿಗೆಮ್ಮ ತಾಯಿ ನಿಮ್ಮನ್ನೆಲ್ಲ ತಂಪಾಗಿ ಇಟ್ಟಿರಲಿ.

ನಿನ್ನ ತಂಗಿ,
ಶೈಲಶ್ರೀ

ತಾ.ಕ.: ಇಲ್ಲಿಯ ತನಕ ಬಂದು ಕೇಳದೆ ಇರಲಾರೆ. ಕೃಷ್ಣನಿಗಿಂತ ಮೊದಲು ಹುಟ್ಟಿದವಳ ಮಾತು. ಆಪರೇಷನ್ ಆಗಿ ನನಗೆ ಎಚ್ಚರ ಬರುವಷ್ಟರಲ್ಲಿ ನೀವು ಎಲ್ಲ ಮುಗಿಸಿ ಬಂದಿದ್ದಿರಿ. ಮುಖ ನೋಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಅಂತ ಹಿರಿಯರು ಹಾಗೆ ಮಾಡಿದರು. ಯಾರ ಮೇಲೂ ಸಿಟ್ಟಿಲ್ಲ. ಆದರೆ ನನಗೂ ಎರಡು ಬಾಣಂತನ ಆಗಿವೆ ಅಕ್ಕ. ಅವಳನ್ನು ಎತ್ತಿಕೊಂಡಿದ್ದವಳು ನೀನು. ಅವಳ ಮೂಗು ಯಾರದಿತ್ತು? ತಲೆಯಲ್ಲಿ ಕೂದಲಿತ್ತೇ? ನೆನಪಿದ್ದಷ್ಟು ಬರೆ. ಫೋನು ಮಾಡಬೇಡ. ಕಾಗದವಾದರೆ ಮತ್ತೆ ಮತ್ತೆ ತೆಗೆದು ನೋಡಬಹುದು.