ಹನ್ನೊಂದು ಪಾಲಾದ ಚಿತ್ರಗಂಬಳಿ

ಕೋಸ್ತಾಬ್ರುನಾ, ಗಾರ್ದಾ ಸರೋವರದ ಮೇಲಿನ ಗುಡ್ಡ
ಭಾನುವಾರ, ೨೩ ಜೂನ್ ೧೯೪೬

ಪ್ರೀತಿಯ ಅಮ್ಮಾ,

ನಮ್ಮ ಊರು ಕಳ್ಳತನ ಮಾಡಿದೆ. ಕದ್ದದ್ದು ಸರ್ವಾಧಿಕಾರಿ ಇದ್ದ ಬಂಗಲೆಯಿಂದ ಎಂದ ಮಾತ್ರಕ್ಕೆ ಆ ಕೆಲಸಕ್ಕೆ ಬೇರೆ ಹೆಸರು ಬರುವುದಿಲ್ಲ. ಅದರಲ್ಲಿ ನಮ್ಮ ಮನೆಯ ಪಾಲೂ ಇದೆ. ಅದನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ನಿನ್ನ ಕೊರಳಲ್ಲಿದೆ.

ಕ್ಷೇಮ ಕೇಳುವ ಮೊದಲೇ ಜಗಳ ತೆಗೆದೆನೆಂದು ಬೇಸರಪಡಬೇಡ. ನಾನು ಚೆನ್ನಾಗಿದ್ದೇನೆ, ಹಸುವೂ ಚೆನ್ನಾಗಿದೆ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಭತ್ತದ ಕಳೆ ಕೀಳುವ ನಿನ್ನ ಸೊಂಟ ಹೇಗಿದೆಯೋ ಎಂದು ದಿನವೂ ನೆನೆಯುತ್ತೇನೆ. ಆದರೆ ನೆನೆದ ಮರುಕ್ಷಣವೇ ಸಿಟ್ಟು ಬರುತ್ತದೆ. ಏಕೆಂದು ಹೇಳುತ್ತೇನೆ, ಪೂರ್ತಿ ಓದು.

ನೀನು ವೆರ್ಚೆಲ್ಲಿಯ ಗದ್ದೆಗಳಿಗೆ ಹೊರಟ ಮರುವಾರ ಮಾಂತೊವಾದಿಂದ ಒಬ್ಬ ಹೆಂಗಸು ಬಂದರು. ಎಲ್ಡಾ ನೋರ್ಸಾ ಎಂದು ಹೆಸರು, ಯಹೂದಿಗಳು. ಕೆಳಗಿನ ಬಸ್ ನಿಲ್ದಾಣದಿಂದ ಪಟ್ಟಣದ ಚಪ್ಪಲಿಯಲ್ಲೇ ಗುಡ್ಡ ಹತ್ತಿ ಬಂದು, ನಮ್ಮ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಆಮೇಲೆ ಕೈಚೀಲದಿಂದ ಒಂದು ಫೋಟೋ ತೆಗೆದರು. ಅವರ ಮನೆಯ ಊಟದ ಕೋಣೆ, ಮೇಜಿನ ಸುತ್ತ ತಂದೆ, ತಮ್ಮ, ಚಿಕ್ಕವಯಸ್ಸಿನ ಎಲ್ಡಾ. ಹಿಂದೆ ಗೋಡೆಯ ತುಂಬ ಉಣ್ಣೆ ರೇಷ್ಮೆಯಲ್ಲಿ ನೇಯ್ದ ಚಿತ್ರಗಂಬಳಿ: ಕಾಡು, ಕುದುರೆ ಸವಾರರು, ಬೇಟೆನಾಯಿಗಳು, ಅಡ್ಡಲಾಗಿ ಹರಿಯುವ ನದಿ. ಅಮ್ಮಾ, ಆ ನಾಯಿಯನ್ನು ನಾನು ತಕ್ಷಣ ಗುರುತಿಸಿದೆ. ನಮ್ಮ ಹೆಂಡದಂಗಡಿಯ ದೊಡ್ಡ ಮೇಜಿನ ಮೇಲೆ, ಚೆಲ್ಲಿದ ವೈನಿನ ಕಲೆಗಳ ನಡುವೆ ಮಲಗಿರುತ್ತದಲ್ಲ, ಅದೇ ನಾಯಿ.

ಯುದ್ಧದ ನಾಲ್ಕನೆಯ ಚಳಿಗಾಲದಲ್ಲಿ ಅವರ ಮನೆಗೆ ಲಾರಿ ಬಂತಂತೆ. ಮೊದಲು ಗೋಡೆಯ ಗಂಬಳಿ ಇಳಿಸಿದರಂತೆ, ಆಮೇಲೆ ಜನರನ್ನು. ಎಲ್ಡಾ ಆ ದಿನ ಹಲ್ಲುನೋವಿಗೆಂದು ಪಕ್ಕದ ಬೀದಿಗೆ ಹೋಗಿದ್ದರಿಂದ ಉಳಿದರು. ತಂದೆ ಮತ್ತು ತಮ್ಮನನ್ನು ರೈಲಿನಲ್ಲಿ ಉತ್ತರಕ್ಕೆ ಒಯ್ದರು, ಅವರು ತಿರುಗಿ ಬರಲಿಲ್ಲ. ಗಂಬಳಿ ಮಾತ್ರ ನಮ್ಮ ಸರೋವರದ ದಡಕ್ಕೆ ಬಂತು, ಸರ್ವಾಧಿಕಾರಿ ಉಣ್ಣುವ ಕೋಣೆಗೆ. ಹಳೆಯ ಪತ್ರಿಕೆಯೊಂದರ ಚಿತ್ರದಲ್ಲಿ ಅವನ ತಲೆಯ ಹಿಂದೆ ತಮ್ಮ ನದಿಯನ್ನು ಕಂಡು ಹುಡುಕಿಕೊಂಡು ಬಂದಿದ್ದರು. "ನಮ್ಮ ಮನೇದು ಅಂತ ಉಳಿದಿರೋದು ಅದೊಂದೇ ಮಗೂ. ಹರಿದಿದ್ರೂ ಪರವಾಗಿಲ್ಲ" ಎಂದರು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಅಳಲಿಲ್ಲ.

ಹರಿದದ್ದಲ್ಲ, ಕತ್ತರಿಸಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಕಳಿಸಿದೆ. ನನ್ನ ಮೊದಲ ಹೇಡಿತನ ಅದು. ಎರಡನೆಯದು ಇರಬಾರದೆಂದು ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹೆಂಡದಂಗಡಿಯ ಬೆಂಚು ಹತ್ತಿ ನಿಂತು, ಊರಿಗೆಲ್ಲ ಕೇಳುವಂತೆ ಹೇಳಿದೆ: ಹನ್ನೊಂದು ಮನೆಯವರೂ ನಿಮ್ಮ ನಿಮ್ಮ ತುಂಡು ತಂದುಕೊಡಿ, ಸೇರಿಸಿ ಹೊಲಿದು ಒಡತಿಗೆ ಒಪ್ಪಿಸುತ್ತೇನೆ.

ಬೋರ್ತೊಲೊ ಮಾವ ಪೈಪು ಬಾಯಿಂದ ತೆಗೆಯದೆ ನಕ್ಕ. "ಲೇ ನಿವೆಸ್, ಚಳಿಗಾಲದಲ್ಲಿ ಇದೇ ಬೆಂಚಿನ ಮೇಲೆ ನಿಂತು ಕರಪತ್ರ ಓದಿದೋಳು ನೀನೇ ತಾನೇ? ಇರೋದನ್ನ ಎಲ್ರೂ ಸಮ ಹಂಚ್ಕೋಬೇಕು ಅಂತ? ನಾವು ನೀನು ಓದೋಕ್ ಮುಂಚೇನೇ ಹಂಚಿ ಮುಗಿಸಿದ್ವಿ. ಅದಕ್ಕೂ ಬೈತೀಯಲ್ಲವ್ವಾ!"

ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು, ಏಕೆಂದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರತಿ ವರ್ಷ ಊರ ಕಾಡಿನ ಸೌದೆಯನ್ನು ಸಮನಾಗಿ ಒಟ್ಟಿ, ಪಾದ್ರಿಯ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸುತ್ತೀರಲ್ಲ, ಹಾಗೆಯೇ ಇದನ್ನೂ ಮಾಡಿದಿರಿ. ಕಳೆದ ವರ್ಷ ಬಂಗಲೆಯ ಕಾವಲಿನವರು ಓಡಿಹೋದ ಮರುದಿನ ಹೇಸರಗತ್ತೆಗಳನ್ನು ಹೊಡೆದುಕೊಂಡು ಕೆಳಗಿಳಿದಿರಿ. ಗಂಬಳಿಯನ್ನು ಚರ್ಚಿನ ಅಂಗಳದಲ್ಲಿ ಹಾಸಿ, ಹಗ್ಗ ಹಿಡಿದು ಅಳೆದು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಹನ್ನೊಂದು ಪಾಲು ಮಾಡಿದಿರಿ. ಯಾರಿಗೂ ಒಂದು ಬೆರಳಗಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಜಗಳವೇ ಆಗಲಿಲ್ಲವೆಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನ್ನ ಕರಪತ್ರಗಳಲ್ಲಿ ಇಷ್ಟು ಸಮಾನತೆಯ ಹಂಚಿಕೆ ಎಲ್ಲೂ ಬರುವುದಿಲ್ಲ. ಅದೇ ನನ್ನ ಗೋಳು. ಒಬ್ಬ ದುರಾಸೆಯವನು ಇಡಿಯಾಗಿ ಹೊತ್ತೊಯ್ದಿದ್ದರೆ ಇವತ್ತು ಎಲ್ಡಾ ಅವರ ಗೋಡೆ ಇಡಿಯಾಗಿರುತ್ತಿತ್ತು!

ಇದನ್ನೇ ಹೇಳಿದೆ. ಚೆಲೆಸ್ತೆ ಅಕ್ಕ ಸೊಂಟಕ್ಕೆ ಕೈಕೊಟ್ಟು ಎದ್ದಳು. "ಓಡಿ ಹೋಗೋವಾಗ ಆ ಬಂಗಲೆ ಕಾವಲಿನ ಸಿಪಾಯಿಗಳು ನಮ್ಮ ಹಾಸಿಗೆ ಹೊದಿಕೆ ಎಲ್ಲಾ ಬಾಚ್ಕೊಂಡ್ ಹೋದ್ರು. ಬೋರ್ತೊಲೊನ ಗರಗಸದ ಮಿಲ್ಲು ಹಲಗೆ ಸಮೇತ ಸುಟ್ಟರು. ಅವರು ನಮ್ಮ ಹೊದಿಕೆ ಒಯ್ದರು, ನಾವು ಅವರ ಗೋಡೆ ಹೊದಿಕೆ ತಂದ್ವಿ. ಲೆಕ್ಕ ಚುಕ್ತಾ."

"ಅದು ಅವರದಲ್ಲ ಅಕ್ಕಾ, ಎಲ್ಡಾ ಅವರದು" ಎಂದೆ.

"ಅದರ ಮೇಲೆ ಅವಳ ಹೆಸರು ನೇಯ್ದಿತ್ತೇನೆ?" ಎಂದಳು. ಆದರೂ ಸಂಜೆ ಮೊದಲು ತಂದುಕೊಟ್ಟವಳು ಅವಳೇ. ಅಡುಗೆಮನೆಯ ಬಾಗಿಲಿಗೆ ಪರದೆಯಾಗಿದ್ದ ಕಾಡು, ಜೋಳದ ಪೊಲೆಂತಾ ಬೇಯಿಸುವ ಕಡಾಯಿಯ ಮಸಿ ಹಿಡಿದು ರಾತ್ರಿಯ ಕಾಡಾಗಿದೆ. ಕುದುರೆ ಸವಾರ ಒಬ್ಬರ ಕತ್ತೆಯ ಬೆನ್ನ ಮೇಲಿದ್ದ. ನಾಯಿಯನ್ನು ಬಿಡಿಸಿಕೊಳ್ಳಲು ಹೆಂಡದಂಗಡಿಯವನ ಹತ್ತಿರ ವಾರವಿಡೀ ಗುದ್ದಾಡಿದೆ. "ಗಿರಾಕಿಗಳು ಬರೋದೇ ನಾಯಿ ನೋಡೋಕೆ. ನನ್ನ ವೈನು ಯಾವನು ಕುಡೀತಾನೆ?" ಎನ್ನುತ್ತಾನೆ. ಅಂತೂ ಎಂಟು ತುಂಡು ಸೇರಿವೆ. ಬಂಗಲೆಯ ಕುರ್ಚಿ ಕನ್ನಡಿಗಳ ಗೊಡವೆಗೆ ನಾನು ಹೋಗಿಲ್ಲ. ಮೆನೆಗಾ ಅಜ್ಜಿಯ ಕೋಳಿ ಕೆಂಪು ಮಖಮಲ್ಲಿನ ಸೋಫಾದ ಮೇಲೆ ಮೊಟ್ಟೆಯಿಡುತ್ತಿದೆ, ಇಡಲಿ. ಅವು ಆ ಬಂಗಲೆಯ ಸಾಹುಕಾರರವು, ಅವರಿಗೆ ಬೇರೆ ಬಂಗಲೆಗಳಿವೆ.

ಉಳಿದದ್ದು ಮೂರು ತುಂಡು: ಬೋರ್ತೊಲೊ ಮಾವನದು, ಮೆನೆಗಾ ಅಜ್ಜಿಯದು, ನಮ್ಮದು. ಮೂರೂ ನದಿಯ ಭಾಗ. ಇಲ್ಲಿಗೆ ಬಂದು ನನ್ನ ತಾಳ್ಮೆ ಸತ್ತಿದೆ. ಬೋರ್ತೊಲೊ ಮಾವ ಮೊದಲ ದಿನ "ಇಲಿ ತಿಂತು" ಎಂದ. ಮೂರನೆಯ ದಿನ ಕಾಲಿಗೆ ಸುತ್ತಿಕೊಂಡು ಸವೆಸಿದೆ ಎಂದ. ಇಲಿಯೋ ಕಾಲೋ ಒಂದನ್ನು ಹೇಳು ಎಂದರೆ, "ಇಲಿ ಕಾಲಿಗೆ ಸುತ್ತಿಕೊಳ್ತು" ಎಂದು ಎದ್ದು ಹೋದ. ಮೆನೆಗಾ ಅಜ್ಜಿ ಮೇಕೆ ತಿಂತು ಎನ್ನುತ್ತಾಳೆ. ಅವಳ ಮೇಕೆಯನ್ನು ಆ ಸಿಪಾಯಿಗಳೇ ಎಂದೋ ತಿಂದು ಮುಗಿಸಿದ್ದಾರೆ. ಇಬ್ಬರಿಗೂ ಸುಳ್ಳು ಹೇಳುವ ಅಭ್ಯಾಸವೂ ಇಲ್ಲ, ನಾಚಿಕೆಯೂ ಇಲ್ಲ.

ಹೋಗಲಿ ಎಂದು ಬಿಡಬಹುದಿತ್ತು. ಬಿಡಲಿಲ್ಲ. ಇವತ್ತು ಮತ್ತೆ ಬೆಂಚು ಹತ್ತಿ, ಇಬ್ಬರ ಹೆಸರು ಹಿಡಿದು ಕಳ್ಳರು ಎಂದೆ. ನಮ್ಮ ಫೌಸ್ತೊ ಅಣ್ಣ ಬೆಟ್ಟದಲ್ಲಿ ಗುಂಡು ತಿಂದು ಸತ್ತದ್ದು ಇದಕ್ಕೇನಾ, ಒಬ್ಬ ಕಳ್ಳ ಹೋಗಿ ಹನ್ನೊಂದು ಕಳ್ಳರು ಬರಲಿ ಅಂತಾನಾ ಎಂದು ಕೇಳಿದೆ. ಎಲ್ಲರೂ ಲೋಟ ಕೆಳಗಿಟ್ಟರು. ನನ್ನ ಮಾತು ನಾಟಿತೆಂದುಕೊಂಡೆ. ಮೆನೆಗಾ ಅಜ್ಜಿ ಸೆರಗಿನಂತೆ ಹೊದ್ದ ಶಾಲು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಬೋರ್ತೊಲೊ ಮಾವ ಮಾತ್ರ, ನಗದೆ, "ಮೊದ್ಲು ನಿಮ್ಮವ್ವನ ಪಾಲು ತಗೊಂಡ್ ಬಾ ಮಗಳೇ. ಆಮೇಲೆ ನಮ್ಮನ್ನ ಕೇಳು" ಎಂದ. ಎಲ್ಲರೂ ನೆಲ ನೋಡಿದರು. ಚೆಲೆಸ್ತೆ ಅಕ್ಕ ಕೂಡ.

ನಾನು ಬೆಂಚಿನಿಂದ ಇಳಿದೆ, ಅಮ್ಮಾ. ಊರಿನವರ ಮುಂದೆ ನನ್ನನ್ನು ಮೂಕಿ ಮಾಡಿದ್ದು ನೀನು. ನಮ್ಮ ಪಾಲು ಎಲ್ಲಿ ಎಂದು ನೀನು ಹೊರಡುವ ಮುಂಚೆ ಕೇಳಿದ್ದೆ, ಹೊದಿಯಲು ಬೇಕಿತ್ತೆಂದು. "ಪೆಟ್ಟಿಗೇಲಿದೆ, ಅದನ್ನ ಮುಟ್ಟಬೇಡ" ಎಂದೆ ನೀನು. ನಾನು ನಿನ್ನ ಮಗಳು. ಬ್ರೆಷ್ಯಾದ ನೂಲಿನ ಮಿಲ್ಲಿನಿಂದ ಹಾಳಾದ ರಸ್ತೆಯಲ್ಲಿ ನಾನು ಊರು ಸೇರುವಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿ ಆಗಿತ್ತು. ಅವನ ಮುಖವನ್ನೂ ನೋಡಲಿಲ್ಲ. ಅದಕ್ಕೆ ನಾನು ನಿನ್ನನ್ನು ಒಂದು ಮಾತು ಕೇಳಿದ್ದೇನೆಯೇ? ಇಲ್ಲ. ಈಗ ಕೇಳುತ್ತಿರುವುದು ಒಂದು ಬೀಗದ ಕೈ. ಸತ್ತವರಿಗಾಗಿ ನಾವು ಮಾಡಬಹುದಾದದ್ದು ಬದುಕಿರುವವರಿಗೆ ನ್ಯಾಯ ಸಲ್ಲಿಸುವುದು ಎಂದು ಮೊನ್ನೆ ಓದಿದೆ. ಅದು ಎಷ್ಟು ಸರಿ ಎಂದು ನಿನಗೆ ಬರೆದು ತಿಳಿಸಬೇಕಾದೀತೆಂದು ಎಣಿಸಿರಲಿಲ್ಲ.

ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು ಕಳಿಸು. ಜೊತೆಗೆ ಒಂದು ಸಾಲಿನಲ್ಲಿ ಒಪ್ಪಿಗೆ ಬರೆ. ಕೊಡುವುದಿಲ್ಲವಾದರೆ ಏಕೆಂದು ಬರೆ, ಸುಮ್ಮನಿರಬೇಡ. ಈ ಊರಿನಲ್ಲಿ ಸುಮ್ಮನಿರುವವರು ಈಗಾಗಲೇ ಬಹಳ ಜನ ಇದ್ದಾರೆ.

ನಿನ್ನ ಮಗಳು,
ನಿವೆಸ್

ತಾ.ಕ. ಸೋಮವಾರ ಬೆಳಿಗ್ಗೆ.

ಮೇಲೆ ಬರೆಯದೆ ಬಿಟ್ಟದ್ದು ಒಂದಿದೆ. ಬೀಗದ ಕೈ ಕಳಿಸು ಎಂದು ಬರೆಯುವಾಗಲೇ ಸುತ್ತಿಗೆ ಉಳಿ ಪಕ್ಕದಲ್ಲಿಟ್ಟುಕೊಂಡಿದ್ದೆ. ಪತ್ರ ಮಡಿಸಿ, ಬೀಗ ಒಡೆದೆ. ಪೆಟ್ಟಿಗೆ ಖಾಲಿ. ಖಾಲಿ ಪೆಟ್ಟಿಗೆಗೆ ಬೀಗ ಹಾಕಿ ಅದರ ಕೈಯನ್ನು ಕೊರಳಲ್ಲಿ ಹಾಕಿಕೊಂಡು ಹೋದೆಯಲ್ಲಾ, ಅಮ್ಮಾ.

ಸದ್ದು ಕೇಳಿ ಮೆನೆಗಾ ಅಜ್ಜಿ ಬಂದಳು. ತೆರೆದ ಪೆಟ್ಟಿಗೆ ನೋಡಿ ನನ್ನ ಪಕ್ಕ ನೆಲದ ಮೇಲೆಯೇ ಕೂತಳು. "ಫೌಸ್ತೊನ ಹೆಣದ ಪೆಟ್ಟಿಗೆಗೆ ಹಲಗೆ ಇರಲಿಲ್ಲ ಕಣೇ. ಮಿಲ್ಲು ಸುಟ್ಟಿತ್ತು. ಹೊದಿಕೆ ಒಂದೂ ಇರಲಿಲ್ಲ. ಅವನ ಮೈಮೇಲಿನ ಬಟ್ಟೆ ನೋಡೋ ಹಾಗಿರಲಿಲ್ಲ. ನಿಮ್ಮವ್ವ ಅವಳ ಪಾಲು ತಂದು ಹಾಸಿದ್ಲು. ಎತ್ತರದ ಹುಡುಗ, ಸಾಲಲಿಲ್ಲ. ಬೋರ್ತೊಲೊ ಅವನದು ತಂದ. ನಾನು ನಂದು ತಂದೆ. ಕೂತು ಹೊಲಿದೆ. ನದಿ ನದಿಗೇ ಸೇರ್ತು." ಪೆಟ್ಟಿಗೆಯ ಮುಚ್ಚಳ ಮುಚ್ಚಿ, "ಕದ್ದ ಬಟ್ಟೇಲಿ ಅಣ್ಣನ್ನ ಹೂತರು ಅಂತ ನನ್ನ ಮಗಳಿಗೆ ಗೊತ್ತಾಗಬಾರದು, ಅವಳು ತಡ್ಕೊಳ್ಳಲ್ಲ ಅಂತ ನಿಮ್ಮವ್ವ ಊರಿಗೆಲ್ಲ ಆಣೆ ಹಾಕಿಸಿದ್ಲು" ಎಂದಳು.

ಬೋರ್ತೊಲೊ ಮಾವನ ಮನೆಗೆ ಹೋಗಿ ಬಂದೆ. ನಾನು ಬಾಯಿ ತೆರೆಯುವ ಮೊದಲೇ "ಇಲಿ ಅಂದಿದ್ನಲ್ಲಾ, ನಂಬಬಾರದಿತ್ತಾ?" ಎಂದು ಅತ್ತುಬಿಟ್ಟ. ಮೇಲಿನ ಪತ್ರವನ್ನು ಹರಿಯುತ್ತಿಲ್ಲ. ನಾನು ಏನೆಂದೆ ಎಂಬುದು ನಿನಗೆ ಬೇರೆಯವರಿಂದ ತಿಳಿಯುವುದು ಬೇಡ.

ಆದರೆ ಕೇಳು. ಅಣ್ಣನ ಮೈಮೇಲಿರುವುದು ಎಲ್ಡಾ ಅವರದು. ಅವರ ತಮ್ಮನಿಗೆ ಹೊದಿಸಲು ಯಾರೂ ಏನೂ ತರಲಿಲ್ಲ, ಅವನ ಗೋರಿ ಎಲ್ಲಿದೆ ಎಂದೂ ಅವರಿಗೆ ಗೊತ್ತಿಲ್ಲ. ಅಗೆಯಲು ನಾನು ಬಿಡುವುದಿಲ್ಲ. ಮುಚ್ಚಿಡಲೂ ಬಿಡುವುದಿಲ್ಲ. ಕೇಳದೆ ತೆಗೆದುಕೊಂಡದ್ದನ್ನು ಈಗಲಾದರೂ ಕೇಳಬೇಕು, ಕೇಳಬೇಕಾದವಳು ನೀನು. ಎಂಟು ತುಂಡುಗಳನ್ನು ತೆಗೆದುಕೊಂಡು ನಾನು ಮಾಂತೊವಾಕ್ಕೆ ಹೋಗಿ, ಎಲ್ಲವನ್ನೂ ಹೇಳಿ, ಅವರು ಒಪ್ಪಿದರೆ ನಿನ್ನಲ್ಲಿಗೆ ಕರೆತರುತ್ತೇನೆ. ಅವರು ಬಾರದಿದ್ದರೂ ನಾನು ಬರುತ್ತೇನೆ. ಜುಲೈ ಏಳು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ವೆರ್ಚೆಲ್ಲಿ ರೈಲು ನಿಲ್ದಾಣದ ಬಾಗಿಲಲ್ಲಿ ನಿಂತಿರು.